‘ಇದನ್ನ ಹೇಗೆ ಮಾಡಿದ್ರಿ?’: ಕರಕುಶಲ ಮೇಳಕ್ಕೆ ಯಾಕೆ ಹೋಗಬೇಕು

ಬೇಕಾದ್ದೆಲ್ಲ ಈಗ ಫೋನ್‌ನಲ್ಲೇ ಸಿಗುತ್ತೆ, ಎರಡು ದಿನದಲ್ಲಿ ಹಾಸ್ಟೆಲ್ ಗೇಟ್‌ಗೇ ಬಂದು ಬೀಳುತ್ತೆ. ಹಾಗಿದ್ದ ಮೇಲೆ ಭಾನುವಾರದ ನಿದ್ದೆ ಬಿಟ್ಟು, ಬಸ್ ಹತ್ತಿ, ಬಿಸಿಲಲ್ಲಿ ಕರಕುಶಲ ಮೇಳ ಸುತ್ತೋದು ಯಾಕೆ? ಕಾರಣ ಇಷ್ಟೇ: ಮೇಳದಲ್ಲಿ ಎಷ್ಟೋ ಸಲ ವಸ್ತುವಿನ ಪಕ್ಕದಲ್ಲೇ ಅದನ್ನು ಮಾಡಿದವರು ಕೂತಿರ್ತಾರೆ. ‘ಇದನ್ನ ಹೇಗೆ ಮಾಡಿದ್ರಿ?’ ಅಂತ ಅವರನ್ನೇ ಕೇಳಬಹುದು. ಉತ್ತರ ಕೇಳಿದ ಮೇಲೆ ಅಸಲಿ ಯಾವುದು, ನಕಲಿ ಯಾವುದು ಅನ್ನೋದೂ ತಿಳಿಯುತ್ತೆ, ಬೆಲೆ ಯಾಕಷ್ಟು ಅನ್ನೋದೂ ತಿಳಿಯುತ್ತೆ. ಇಂಜಿನಿಯರಿಂಗ್ ಓದೋ ನಮಗಂತೂ ಅಲ್ಲಿ ಸಿಲೆಬಸ್ಸೇ ಎದುರಿಗೆ ಕೂತಿರುತ್ತೆ. ನಮ್ಮ ರಾಜ್ಯದ ಮೂರು ಕಲೆಗಳನ್ನು ನೋಡೋಣ. ಮೂರಕ್ಕೂ ಜಿಐ ಟ್ಯಾಗ್ ಇದೆ.

ಚನ್ನಪಟ್ಟಣದ ಗೊಂಬೆ

ಈ ಗೊಂಬೆಗಳು ಯಾಕೆ ಹೆಚ್ಚಾಗಿ ಗುಂಡಗೇ ಇರುತ್ತವೆ ಅಂತ ಯೋಚಿಸಿದ್ದೀರಾ? ಅವು ಹುಟ್ಟೋದು ಲೇತ್ ಮೇಲೆ. ಆಲೆ ಮರದ ತುಂಡನ್ನು ತಿರುಗಿಸಿ, ಉಳಿಯಿಂದ ಆಕಾರ ಕೊಡ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡೀತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತೆ. ಇಲ್ಲಿ ಬ್ರಷ್ಷೂ ಇಲ್ಲ, ಒಲೆಯೂ ಇಲ್ಲ. ವರ್ಕ್‌ಶಾಪ್‌ನಲ್ಲಿ ನಾವು ‘ಬಿಸಿ ಆಗದ ಹಾಗೆ ನೋಡ್ಕೊಳ್ಳಿ’ ಅಂತ ಕಲಿಯೋ ಘರ್ಷಣೆಯೇ ಇವರಿಗೆ ಕೆಲಸದ ಸಾಧನ. ಕೊಳ್ಳುವಾಗ ಬಣ್ಣದ ಮೇಲೆ ಬೆರಳಾಡಿಸಿ ನೋಡಿ: ಅರಗಿನ ಬಣ್ಣ ನುಣ್ಣಗಿರುತ್ತೆ, ಸುತ್ತಲೂ ಪಟ್ಟಿಯ ಹಾಗೆ ಬಂದಿರುತ್ತೆ. ಬ್ರಷ್ ಗೆರೆ ಕಂಡರೆ ಅದು ಪೇಂಟ್ ಬಳಿದದ್ದು.

ಬಿದರಿ

ಇದು ಕೆಮಿಸ್ಟ್ರಿ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಮಿಶ್ರಲೋಹ ಮಾಡಿ ಎರಕ ಹೊಯ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಮೈಲುತುತ್ತದ ದ್ರಾವಣ ಹಚ್ಚುತ್ತಾರೆ. ಅದರಿಂದ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತೆ, ಗೀರಿದ ಗೆರೆ ಚೆನ್ನಾಗಿ ಕಾಣುತ್ತೆ. ಗೆರೆಯನ್ನು ಉಳಿಯಿಂದ ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂರಿಸಿ ಬಡೀತಾರೆ. ಕೊನೆಯ ಹಂತಕ್ಕೆ ಬೇಕಾಗೋದು ಬೀದರ್ ಕೋಟೆಯ ಮಣ್ಣು. ಅದನ್ನು ನವಸಾಗರದ ಜೊತೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದರೆ ಸತುವಿನ ಭಾಗ ಕಡುಗಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಎಲ್ಲಾ ಮಣ್ಣೂ ಆಗಲ್ಲ. ಸರಿಯಾದ ಮಣ್ಣು ಹೌದೋ ಅಲ್ಲವೋ ಅಂತ ಕುಶಲಕರ್ಮಿಗಳು ನಾಲಿಗೆ ಮೇಲಿಟ್ಟು ನೋಡ್ತಾರೆ. ಈ ಕಲೆಗಾಗಿ 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಕಸೂತಿ

ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ. ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಒಂದು ಬಿಟ್ಟು ಒಂದು ಹೊಲಿಗೆ ಹಾಕಿಕೊಂಡು ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಗಂಟು ಹಾಕೋ ಹಾಗಿಲ್ಲ. ಅಂದ್ರೆ ಸೂಜಿ ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ವಾಪಸ್ ಬರಬೇಕು ಅಂತ ಮೊದಲೇ ತಲೆಯಲ್ಲಿ ಲೆಕ್ಕ ಇರಬೇಕು. ಗ್ರಾಫ್ ಥಿಯರಿ ಓದಿದವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ಬಟ್ಟೆ ತಿರುಗಿಸಿ ನೋಡಿ: ಗವಂತಿಯಾದರೆ ಎರಡೂ ಕಡೆ ಒಂದೇ ಚಿತ್ರ. ಮೆಷಿನ್‌ದಾದರೆ ಹಿಂದುಗಡೆಯೇ ಬಣ್ಣ ಬಯಲಾಗುತ್ತೆ.

ಒಂದು ಭಾಗಾಕಾರ

ಮೇಳ ಅಂದಮೇಲೆ ಚೌಕಾಸಿ ಇದ್ದದ್ದೇ, ನಮ್ಮ ಜೇಬೂ ಅಷ್ಟಕ್ಕಷ್ಟೇ. ಆದರೆ ಬೆಲೆ ಇಳಿಸಿ ಅನ್ನೋ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ‘ಇದಕ್ಕೆ ಎಷ್ಟು ದಿನ ಹಿಡೀತು?’ ಹೇಳಿದ ಬೆಲೆಯಲ್ಲಿ ಸಾಮಾನಿನ ಖರ್ಚು ಕಳೀರಿ, ಉಳಿದದ್ದನ್ನು ದಿನಗಳಿಂದ ಭಾಗಿಸಿ. 3 ದಿನದ ಕೆಲಸಕ್ಕೆ 900 ರೂಪಾಯಿ ಉಳಿದರೆ ದಿನಕ್ಕೆ 300. ಅದರಲ್ಲೇ ಬಸ್ ಚಾರ್ಜು, ಊಟ, ಮಾರಾಟವಾಗದ ದಿನಗಳ ನಷ್ಟ ಎಲ್ಲ ಬರಬೇಕು. ಅಲ್ಲಿಂದ ಇನ್ನೂ 200 ಇಳಿಸಿ ಅನ್ನೋಕೆ ಬಾಯಿ ಬರುತ್ತಾ? ಕೂಲಿ ಗಿಟ್ಟದ ಕೆಲಸವನ್ನು ಮಕ್ಕಳು ಯಾಕೆ ಕಲೀತಾರೆ ಅನ್ನೋ ಪ್ರಶ್ನೆಗೂ ಇದೇ ಭಾಗಾಕಾರ ಉತ್ತರ.

ಹಾಗಂತ ಮೇಳದಲ್ಲಿ ಇರೋರೆಲ್ಲ ಕುಶಲಕರ್ಮಿಗಳೇ ಅಲ್ಲ. ಸಗಟು ಮಾಲು ತಂದು ಮಾರೋರೂ ಇರ್ತಾರೆ. ಅದಕ್ಕೇ ಮೊದಲ ಪ್ರಶ್ನೆ ಮುಖ್ಯ. ಮಾಡಿದವರಾದ್ರೆ ಕೈಯಲ್ಲೇ ತೋರಿಸಿ ಹೇಳ್ತಾರೆ, ನಿಲ್ಲಿಸೋದೇ ಕಷ್ಟ. ತಂದು ಮಾರೋರಾದ್ರೆ ‘ಫುಲ್ ಹ್ಯಾಂಡ್‌ಮೇಡ್ ಸರ್’ ಅಂತ ಹೇಳಿ ಮುಗಿಸ್ತಾರೆ.

ಎಲ್ಲಿ ಹೋಗೋದು ಅಂದ್ರೆ, ಮೈಸೂರಿನಲ್ಲಿ ಜೆಎಸ್ಎಸ್ ಅರ್ಬನ್ ಹಾತ್ ಇದೆ. ಸ್ವಸಹಾಯ ಸಂಘದ ಮಹಿಳೆಯರು ಬರೋ ಸರಸ್ ಮೇಳ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತೆ. ಚಿತ್ರಕಲೆ ಇಷ್ಟ ಇದ್ದರೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಚಿತ್ರಸಂತೆ. ದೊಡ್ಡದೇ ಕೊಳ್ಳಬೇಕಂತಿಲ್ಲ, ಒಂದು ಬುಗುರಿ ಸಾಕು. ಹಾಸ್ಟೆಲ್ ಟೇಬಲ್ ಮೇಲೆ ಅದನ್ನು ತಿರುಗಿಸುವಾಗ ರೂಮ್‌ಮೇಟ್ ಕೇಳಿಯೇ ಕೇಳ್ತಾನೆ, ಬಣ್ಣ ಹೇಗೆ ಹಚ್ಚಿದ್ರಪ್ಪ ಅಂತ. ಉತ್ತರ ಈಗ ನಿಮಗೆ ಗೊತ್ತು.