ಸರ್ವರಿನ ಬಾಗಿಲಲ್ಲೊಂದು ಆವಕ–ಜಾವಕ ಪುಸ್ತಕ

ಹಿರೇಕೆರೂರಿನ ಕಡೆಯ ರೈತನೊಬ್ಬನು ಬೆಳೆಸಾಲಕ್ಕೆಂದು ಪಹಣಿಯನ್ನು ಪಡೆಯಲು ಗಣಕಯಂತ್ರದ ಮುಂದೆ ನಿಂತಿದ್ದಾನೆಂದು ಭಾವಿಸೋಣ. ಸರ್ವೆ ನಂಬರನ್ನು ಒತ್ತಿಯಾಯಿತು. ತೆರೆಯ ಮೇಲೆ ಚಕ್ರವೊಂದು ಸುತ್ತುತ್ತಿದೆಯೇ ಹೊರತು ಪಹಣಿಯ ಸುಳಿವಿಲ್ಲ. “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರುಗಳ ವಾಚಕರೂ ಒಮ್ಮೆಯಾದರೂ ಕೇಳಿರಬಹುದು. ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ವ್ಯರ್ಥವಾದವು. ದೋಷವಿದ್ದುದು ತಂತಿಯಲ್ಲೋ, ಸರ್ವರಿನಲ್ಲೋ, ಅದರ ಹಿಂದಿರುವ ದತ್ತಭಂಡಾರದಲ್ಲೋ?

ಕೈಬರಹದ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯು 2000ದ ಸುಮಾರಿಗೆ ಕರ್ನಾಟಕದ ತಾಲೂಕು ಕಚೇರಿಗಳಲ್ಲಿ ಬಳಕೆಗೆ ಬಂದಿತು. ಅದರಲ್ಲಿ ನೌಕರನು ಬೆರಳಚ್ಚನ್ನೊತ್ತಿಯೇ ಕೆಲಸಕ್ಕೆ ತೊಡಗಬೇಕಾಗಿದ್ದಿತು. ಅವನು ನಡೆಸಿದ ವ್ಯವಹಾರಗಳೆಲ್ಲ ದಾಖಲಾಗುತ್ತಿದ್ದುವು. ‘ಯಾರು ಮಾಡಿದರು?’ ಎಂಬ ಪ್ರಶ್ನೆಗೆ ಅದು ಉತ್ತರ. ‘ಏಕೆ ತಡವಾಯಿತು?’ ಎಂಬುದಕ್ಕಾದರೋ ಬೇರೊಂದು ದಾಖಲೆ ಬೇಕು. ಏಕೆಂದರೆ ವೆಬ್ ಸರ್ವರ್ ಸ್ವಭಾವತಃ ಮರೆಗುಳಿ. ಒಂದು ಕೋರಿಕೆಗೆ ಉತ್ತರವಿತ್ತೊಡನೆ ಅದನ್ನು ಮರೆತು ಮುಂದಿನದಕ್ಕೆ ತಿರುಗುತ್ತದೆ.

ಈ ದಾಖಲೆಯನ್ನಿಡುವ ತಂತ್ರಾಂಶದ ಪದರಕ್ಕೆ ಮಿಡಲ್‌ವೇರ್ ಎಂದು ಹೆಸರು. ಕಚೇರಿಯ ಬಾಗಿಲಲ್ಲಿ ಆವಕ–ಜಾವಕ ಪುಸ್ತಕವನ್ನಿಟ್ಟುಕೊಂಡು ಕುಳಿತ ಗುಮಾಸ್ತನಂತೆ ಅದು ಎಲ್ಲ ಪದರಗಳಿಗಿಂತ ಹೊರಗೆ ನಿಲ್ಲುತ್ತದೆ. ಕೋರಿಕೆ ಬಂದೊಡನೆ ಅದಕ್ಕೊಂದು ಕ್ರಮಾಂಕವನ್ನಿತ್ತು, ವೇಳೆಯನ್ನು ಗುರುತಿಸಿ ಒಳಕ್ಕೆ ಕಳುಹಿಸುವುದು. ಉತ್ತರವು ಹೊರಡುವಾಗ ಅದರ ಸಂಕೇತಸಂಖ್ಯೆಯನ್ನೂ ಹಿಡಿದ ಕಾಲವನ್ನೂ ಒಂದೇ ಸಾಲಿನಲ್ಲಿ ಬರೆಯುವುದು. 200 ಎಂದರೆ ಕೆಲಸ ಸಫಲ. 404 ಎಂದರೆ ಕೇಳಿದ ವಸ್ತುವಿಲ್ಲ. 500 ಎಂದರೆ ಸರ್ವರಿನೊಳಗೇ ದೋಷ. ಸಾಲೇ ಇಲ್ಲದಿದ್ದರೆ? ಅದೂ ಒಂದು ಸಾಕ್ಷ್ಯವೇ: ಕೋರಿಕೆಯು ಬಾಗಿಲಿಗೇ ಬಂದಿಲ್ಲದಿರಬಹುದು, ತಂತಿ ಕಡಿದಿರಬಹುದು, ಇಲ್ಲವೆ ಸರ್ವರೇ ನಿಂತಿರಬಹುದು.

ಪುಸ್ತಕವನ್ನು ಬರೆದಿಟ್ಟರೆ ಸಾಲದು, ಓದಬೇಕು. ಆ ಓದಿಗೇ ಮೇಲ್ವಿಚಾರಣೆ ಎನ್ನುವರು. ಇಲ್ಲಿ ಸರಾಸರಿಯೆಂಬುದು ನಮ್ಮನ್ನು ವಂಚಿಸಬಲ್ಲದು. 100 ಕೋರಿಕೆಗಳಲ್ಲಿ 90ಕ್ಕೆ 0.2 ಸೆಕೆಂಡಿನಂತೆ, ಉಳಿದ 10ಕ್ಕೆ 20 ಸೆಕೆಂಡಿನಂತೆ ಕಾಲ ಹಿಡಿಯಿತೆನ್ನೋಣ. ಸರಾಸರಿ 2.18 ಸೆಕೆಂಡು. ಆದರೆ ಅಷ್ಟು ಹೊತ್ತು ಕಾದವನು ಒಬ್ಬನೂ ಇಲ್ಲ! ಕಷ್ಟಪಟ್ಟ ಹತ್ತು ಜನರು ಸರಾಸರಿಯ ಹಿಂದೆ ಮರೆಯಾದರು. ಆದಕಾರಣ ಬಲ್ಲವರು ಕಾಲಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ 95ನೆಯದು ಎಷ್ಟೆಂದು ನೋಡುವರು. ಅದು ಮಿತಿಮೀರಿದರೆ ಗಂಟೆ ತಾನಾಗಿಯೇ ಬಾರಿಸುವಂತೆ ಏರ್ಪಡಿಸುವರು.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ಗಡಿಯಾರದ ವಿಷಯ ವಿಶೇಷ ಸ್ವಾರಸ್ಯಕರವಾಗಿ ತೋರುತ್ತದೆ. ಗಣಕದ ಗೋಡೆಗಡಿಯಾರವನ್ನು ಆಗಾಗ ತಿದ್ದಲಾಗುವುದರಿಂದ ಅದು ಹಿಂದಕ್ಕೂ ಜಾರಬಹುದು. ಆಗ ಉತ್ತರವು ಪ್ರಶ್ನೆಗಿಂತ ಮೊದಲೇ ಹೊರಟಂತೆ ಕಾಣಬಹುದು. ಅದಕ್ಕಾಗಿ ಅವಧಿಯನ್ನು ಎಂದೂ ಹಿಂದೆ ಸರಿಯದ ಬೇರೊಂದು ಎಣಿಕೆಯಿಂದಲೇ ಅಳೆಯಬೇಕು. ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌–ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನವು ಇಂತಹ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದೂ, ಗಣಕಗಳ ವೇಳೆಯನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ವೇಳೆಗೆ ಹೊಂದಿಸಬೇಕೆಂದೂ ವಿಧಿಸಿತು.

ಒಂದು ಎಚ್ಚರಿಕೆಯ ಮಾತು. ಬಾಗಿಲ ಗುಮಾಸ್ತನು ಬಂದ ಲಕೋಟೆಯನ್ನು ಒಡೆದು ಓದಬಾರದು. ಗುಪ್ತಪದ, ಒಟಿಪಿ, ಆಧಾರ್ ಸಂಖ್ಯೆ ಇವುಗಳನ್ನು ಪುಸ್ತಕದಲ್ಲಿ ಬರೆದರೆ, ಕಾವಲಿಗೆಂದು ಇಟ್ಟ ದಾಖಲೆಯೇ ಕಳ್ಳನಿಗೆ ಕೀಲಿಕೈಯಾದೀತು.

ಈಗ ನಮ್ಮ ರೈತನ ಬಳಿಗೆ ಮರಳೋಣ. ಅವನ ಕೋರಿಕೆಯ ಕ್ರಮಾಂಕವು ತೆರೆಯ ಮೇಲೆ ಕಂಡಿತಾದರೆ, ದೂರದ ಊರಿನ ಎಂಜಿನಿಯರನು ಅದೇ ಕ್ರಮಾಂಕದ ಸಾಲನ್ನು ಹುಡುಕಿ ದೋಷದ ಜಾಡನ್ನು ಹಿಡಿಯಬಲ್ಲನು. “ನಾಳೆ ಬನ್ನಿ” ಎಂಬ ಉತ್ತರಕ್ಕೆ ಕಾರಣವನ್ನು ಕೇಳುವ ಹಕ್ಕು ಪ್ರಜೆಗಿದೆ. ಆ ಕಾರಣವನ್ನು ಹೇಳಬಲ್ಲ ಶಕ್ತಿ ಈ ಒಂದು ಸಾಲಿಗಿದೆ.