ಸಾವಯವ ಸೌರಕೋಶ: ಪೂರಕ ದ್ರವ್ಯದ ಲಾಭ-ನಷ್ಟ

ಸೌರ ವಿದ್ಯುತ್ ಎಂದೊಡನೆ ಗಾಜಿನ ಹೊದಿಕೆಯ ಸಿಲಿಕಾನ್ ಫಲಕಗಳೇ ನೆನಪಿಗೆ ಬರುತ್ತವೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿಯಂತೆ ಲೇಪಿಸಿ, ಸುರುಳಿ ಸುತ್ತಿ ಸಾಗಿಸಬಹುದಾದ ಇನ್ನೊಂದು ಬಗೆಯ ಸೌರಕೋಶವೂ ಉಂಟು. ಅದೇ ಸಾವಯವ ಸೌರಕೋಶ. ಗೊಬ್ಬರ-ಬೇಸಾಯಗಳಿಗೂ ಇದಕ್ಕೂ ನಂಟಿಲ್ಲ. ಇಂಗಾಲದ ಸಂಯುಕ್ತಗಳಿಂದ ತಯಾರಾಗುವುದರಿಂದ ಈ ಹೆಸರು. ಮುದ್ರಣ, ಲೇಪನ, ಲ್ಯಾಮಿನೇಷನ್ ಕಸುಬುಗಳಲ್ಲಿರುವ ಉದ್ದಿಮೆದಾರರಿಗೆ ಇದು ಆಕರ್ಷಕವಾಗಿ ತೋರುವುದು ಸಹಜ. ಆದರೆ ಪ್ರಯೋಗಾಲಯದಲ್ಲಿ ಇದರ ದಕ್ಷತೆಯನ್ನು ಏರಿಸಿದ ಪೂರಕ ದ್ರವ್ಯವೇ ಕಾರ್ಖಾನೆಯಲ್ಲಿ ತೊಡಕಾಗುವ ಬಗೆಯನ್ನು ಅರಿಯದೆ ಬಂಡವಾಳ ಹೂಡುವುದು ಉಚಿತವಲ್ಲ.

ಈ ಕೋಶದ ಲೇಪನದಲ್ಲಿ ಎರಡು ವಸ್ತುಗಳಿರುತ್ತವೆ. ಒಂದು ಬೆಳಕನ್ನು ಹೀರಿ ಎಲೆಕ್ಟ್ರಾನ್ ಬಿಟ್ಟುಕೊಡುವ ಪಾಲಿಮರ್. ಮತ್ತೊಂದು ಅದನ್ನು ಸ್ವೀಕರಿಸುವ, ಫುಲರೀನ್‌ನಂತಹ ವಸ್ತು. ಬೆಳಕಿನಿಂದ ಹುಟ್ಟಿದ ಚೈತನ್ಯವು ಸುಮಾರು 10 ನ್ಯಾನೊಮೀಟರ್ ದೂರದೊಳಗೆ ಈ ಎರಡರ ಗಡಿಯನ್ನು ಮುಟ್ಟದಿದ್ದರೆ ವ್ಯರ್ಥವಾಗುತ್ತದೆ. ಹಾಗೆಂದು ಎರಡನ್ನೂ ತೀರಾ ನುಣ್ಣಗೆ ಬೆರೆಸಿದರೆ ವಿದ್ಯುದಂಶಗಳು ಹೊರಬರಲು ದಾರಿಯೇ ಇರುವುದಿಲ್ಲ. ಬೇಕಾದ ಹದ ಇವೆರಡರ ನಡುವೆ ಇದೆ.

ಈ ಹದವನ್ನು ತರುವ ಉಪಾಯ 2007ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದಲ್ಲಿ, 2000ದ ರಸಾಯನಶಾಸ್ತ್ರ ನೊಬೆಲ್ ಪುರಸ್ಕೃತರಲ್ಲೊಬ್ಬರಾದ ಅಲನ್ ಹೀಗರ್ ಹಾಗೂ ಗಿಲೆರ್ಮೊ ಬಜಾನ್ ಅವರ ತಂಡವು ದ್ರಾವಣಕ್ಕೆ ಆಲ್ಕೇನ್ ಡೈಥಯಾಲ್ ಎಂಬ ದ್ರವವನ್ನು ಶೇಕಡ ಕೆಲವೇ ಪಾಲು ಸೇರಿಸಿತು. ಅಷ್ಟರಿಂದಲೇ ಕೋಶದ ದಕ್ಷತೆ ಶೇ. 2.8ರಿಂದ ಶೇ. 5.5ಕ್ಕೆ ಏರಿತು. ವಸ್ತು ಹೊಸದಲ್ಲ, ಯಂತ್ರ ಹೊಸದಲ್ಲ. ಬದಲಾದದ್ದು ಲೇಪನ ಒಣಗುವ ರೀತಿ ಮಾತ್ರ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಹಾಕುವ ಸುಣ್ಣವೂ ಪ್ರಮಾಣದಲ್ಲಿ ಅಲ್ಪವೇ. ಆದರೆ ಬೆಲ್ಲ ಕಟ್ಟುವ ಹದ ಅದನ್ನು ಅವಲಂಬಿಸಿದೆ; ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ.

ಇಲ್ಲಿಯ ಮರ್ಮವೂ ಸರಳವೇ. ಮುಖ್ಯ ದ್ರಾವಕವಾದ ಕ್ಲೋರೋಬೆಂಜೀನ್ ಸುಮಾರು 132 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಪೂರಕ ದ್ರವ್ಯದ ಕುದಿಬಿಂದು ಇದಕ್ಕಿಂತ ಬಹಳ ಮೇಲಿದ್ದು, ಅದು ಫುಲರೀನನ್ನು ಮಾತ್ರ ಚೆನ್ನಾಗಿ ಕರಗಿಸಿಕೊಳ್ಳುತ್ತದೆ. ದ್ರಾವಕ ಆರಿಹೋದ ಮೇಲೂ ಫುಲರೀನ್ ಕೆಲಕಾಲ ಕರಗಿಯೇ ಇರುವುದರಿಂದ ಪಾಲಿಮರ್ ಸರಪಳಿಗಳು ಸಾವಕಾಶವಾಗಿ ಸಾಲುಗೂಡಲು ಎಡೆ ದೊರೆಯುತ್ತದೆ. ಥಯಾಲ್‌ಗಳ ದುರ್ನಾತ ಕುಪ್ರಸಿದ್ಧ. 2008ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ವರದಿಯಾದ ಡೈಅಯೊಡೋಆಕ್ಟೇನ್ ಮುಂದೆ ಹೆಚ್ಚು ಬಳಕೆಗೆ ಬಂದಿತು. 2010ರಲ್ಲಿ ಶೇ. 7.4 ದಕ್ಷತೆ ನೀಡಿದ ಪಿಟಿಬಿ7 ಪಾಲಿಮರ್ ಕೋಶದಲ್ಲಿ ಇದರ ಪ್ರಮಾಣ ಗಾತ್ರದಲ್ಲಿ ನೂರಕ್ಕೆ ಮೂರು ಪಾಲು.

ಇನ್ನು ನಷ್ಟದ ಬಾಬ್ತು. ನಿಧಾನವಾಗಿ ಆರುವುದೇ ಈ ದ್ರವ್ಯದ ಗುಣ, ಅದೇ ಅದರ ದೋಷ. ಲೇಪನದಲ್ಲಿ ಉಳಿದ ಡೈಅಯೊಡೋಆಕ್ಟೇನ್ ಬಿಸಿಲಿಗೆ ಒಡೆದು ಅಯೊಡಿನ್ ಅಂಶವನ್ನು ಹೊರಹಾಕುತ್ತದೆ. ಅದು ಪಾಲಿಮರನ್ನು ಕೆಡಿಸಿ ಕೋಶದ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ನಿರ್ವಾತದಲ್ಲಿ ಎಳೆದು ತೆಗೆಯುತ್ತಾರೆ, ಇಲ್ಲವೇ ಮೆಥನಾಲ್‌ನಿಂದ ತೊಳೆಯುತ್ತಾರೆ. ಆದರೆ ಮೀಟರ್‌ಗಟ್ಟಲೆ ಹಾಳೆ ಓಡುವ ಲೇಪನ ಯಂತ್ರದಲ್ಲಿ ತೊಳೆಯುವುದೆಂದರೆ ಇನ್ನೊಂದು ಹಂತ, ಇನ್ನೊಂದು ಖರ್ಚು. ಒಲೆಯ ಉಷ್ಣವನ್ನು ಏರಿಸೋಣವೆಂದರೆ 150 ಡಿಗ್ರಿಯ ಸುಮಾರಿಗೆ ಸಾಮಾನ್ಯ ಪಾಲಿಯೆಸ್ಟರ್ ಹಾಳೆಯೇ ಕುಗ್ಗತೊಡಗುತ್ತದೆ. ಯಂತ್ರದ ವೇಗವನ್ನು ತಗ್ಗಿಸಿದರೆ ಅಗ್ಗದ ಉತ್ಪಾದನೆಯೆಂಬ ಮೂಲ ವಾದವೇ ಸಡಿಲವಾಗುತ್ತದೆ. ಇವನ್ನು ವಿಜ್ಞಾನ ಲೇಖನಗಳ ಶಿರೋನಾಮೆಯಲ್ಲಿ ಕಾಣುವುದು ಅಪರೂಪ.

ಒಡಿಶಾದ ಕೋನಾರ್ಕ ದೇಗುಲದ ಹೆಸರನ್ನು ಹೊತ್ತು, ಹೀಗರ್ ಅವರೂ ಸಹಸಂಸ್ಥಾಪಕರಾಗಿದ್ದ ಅಮೆರಿಕದ ಕೋನಾರ್ಕಾ ಸಂಸ್ಥೆ 2001ರಲ್ಲಿ ಆರಂಭವಾಗಿ, 2008ರಲ್ಲಿ ಪೋಲರಾಯ್ಡ್‌ನ ಹಳೆಯ ಕಾರ್ಖಾನೆಯನ್ನು ಪಡೆದು, 2012ರಲ್ಲಿ ದಿವಾಳಿಯಾಯಿತು. ಅದರ ಪತನಕ್ಕೆ ಪೂರಕ ದ್ರವ್ಯವೇ ಕಾರಣವೆನ್ನಲಾಗದು. ಆ ವರ್ಷಗಳಲ್ಲಿ ಸಿಲಿಕಾನ್ ಫಲಕಗಳ ಬೆಲೆ ಕುಸಿದಿತ್ತು, ಅವುಗಳಿಗೆ 25 ವರ್ಷಗಳ ಖಾತರಿಯೂ ಇತ್ತು.

ಅನಂತರ ಸಂಶೋಧನೆ ನಿಂತಿಲ್ಲ. 2018ರಲ್ಲಿ ಚೀನಾದ ಹೌ ಜಿಯಾನ್‌ಹುಯಿ ಅವರ ತಂಡ ಬಿಸಿ ಮಾಡಿದಾಗ ಆವಿಯಾಗಿ ಹೋಗುವ ಘನ ಪೂರಕಗಳನ್ನು ಪ್ರಕಟಿಸಿತು. 2019ರಲ್ಲಿ ಫುಲರೀನ್ ಬದಲು ವೈ6 ಎಂಬ ವಸ್ತು ಬಂದು ದಕ್ಷತೆ ಶೇ. 15.7ಕ್ಕೆ ಮುಟ್ಟಿತು, ಈಚೆಗೆ ಪ್ರಯೋಗಾಲಯದ ಸಂಖ್ಯೆಗಳು ಶೇ. 20ರ ಆಸುಪಾಸಿನಲ್ಲಿವೆ. ಇವುಗಳಲ್ಲಿ ಬಹುಪಾಲು ಒಂದು ಚದರ ಸೆಂಟಿಮೀಟರಿಗೂ ಕಿರಿದಾದ ಕೋಶಗಳಲ್ಲಿ ಅಳೆದವು ಎಂಬುದು ಗಮನಾರ್ಹ.

ಆದುದರಿಂದ ಈ ತಂತ್ರಜ್ಞಾನದ ಪ್ರಸ್ತಾವ ಹಿಡಿದು ಬರುವವರಲ್ಲಿ ಸದಸ್ಯ ಬಾಂಧವರು ದಕ್ಷತೆಯ ಶೇಕಡಾವಾರನ್ನು ಮಾತ್ರ ಕೇಳಿ ಸುಮ್ಮನಾಗದೆ, ಅದನ್ನು ಎಷ್ಟು ವಿಸ್ತೀರ್ಣದ ಕೋಶದಲ್ಲಿ ಅಳೆಯಲಾಯಿತು, ಯಾವ ಪೂರಕವನ್ನು ಬಳಸಲಾಯಿತು, ಅದನ್ನು ಹೇಗೆ ಹೊರತೆಗೆಯಲಾಯಿತು, ಸಾವಿರ ಗಂಟೆ ಬೆಳಕಿಗೊಡ್ಡಿದ ಮೇಲೆ ಎಷ್ಟು ಉಳಿಯಿತು ಎಂಬ ವಿವರಗಳನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಆ ಉತ್ತರಗಳನ್ನು ಒರೆಹಚ್ಚಿ ನೋಡಬಲ್ಲ ತಜ್ಞರು ದೂರವೇನಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಾವಯವ ಸೌರಕೋಶಗಳ ಅಧ್ಯಯನ ಬಹುಕಾಲದಿಂದ ನಡೆದುಬಂದಿದೆ.