ಹೂ ಬಿಡದೆ ಊರೆಲ್ಲ ಹಬ್ಬಿದ ಬಳ್ಳಿ

ಮನಿ ಪ್ಲಾಂಟ್ ಮನೆಯಿಂದ ಮನೆಗೆ ಹೋಗುವುದು ತುಂಡಾಗಿಯೇ. ಗಿಣ್ಣಿನ ಕೆಳಗೆ ಕತ್ತರಿಸಿದ ಗೇಣುದ್ದದ ಬಳ್ಳಿ, ಖಾಲಿ ಹಾರ್ಲಿಕ್ಸ್ ಬಾಟಲಿ, ಅರ್ಧದಷ್ಟು ನೀರು, ಇಷ್ಟು ಸಾಕು. ಕೇಳದೆ ಕದ್ದು ತಂದರೇ ಚೆನ್ನಾಗಿ ಹಬ್ಬುತ್ತದೆ ಎಂಬ ನಂಬಿಕೆ ಬೇರೆ. ಬೀಜ ಬಿತ್ತಿ ಇದನ್ನು ಬೆಳೆಸಿದೆ ಎನ್ನುವವರು ಸಿಗುವುದಿಲ್ಲ.

ಇದರ ತವರು ಶಾಂತಸಾಗರದ ನಡುವೆ, ತಾಹಿತಿಯ ಪಕ್ಕದ ಮೊರೆಯಾ ದ್ವೀಪ. 1880ರಲ್ಲಿ ಸಸ್ಯತಜ್ಞರಾದ ಲಿಂಡೆನ್ ಮತ್ತು ಆಂದ್ರೆ ಇದನ್ನು 'ಪೋಥೋಸ್ ಆರಿಯಸ್' ಎಂದು ದಾಖಲಿಸಿದರು. ಕೆಸುವಿನ ಕುಟುಂಬಕ್ಕೆ ಸೇರಿದ ಇಂಥ ಗಿಡದ ಕುಲ ತಿಳಿಯಲು ಹೂವೇ ಬೇಕು. ಇದೋ ಹೂ ಬಿಡಲೊಲ್ಲದು. ಹಾಗಾಗಿ ಸಸ್ಯಶಾಸ್ತ್ರಜ್ಞರು ದಶಕಗಳ ಕಾಲ ಇದನ್ನು ಒಂದು ಕುಲದಿಂದ ಇನ್ನೊಂದಕ್ಕೆ ಎತ್ತಿಡುತ್ತಲೇ ಇದ್ದರು. ಕೊನೆಗೆ 1962ರಲ್ಲಿ ಒಂದು ಬಳ್ಳಿ ಅಪರೂಪಕ್ಕೆ ಹೂ ಬಿಟ್ಟಿತು. 1964ರಲ್ಲಿ ಸಸ್ಯಶಾಸ್ತ್ರಜ್ಞ ಬಂಟಿಂಗ್ ಇಟ್ಟ 'ಎಪಿಪ್ರೆಮ್ನಮ್ ಆರಿಯಮ್' ಎಂಬ ಹೆಸರು ಇಂದಿಗೂ ನಿಂತಿದೆ. ಹೂ ಬಿಡದಿರುವುದರ ಗುಟ್ಟು ಬಯಲಾದದ್ದು ತೀರ ಈಚೆಗೆ, 2016ರಲ್ಲಿ. ಜಿಬ್ಬರೆಲಿನ್ ಹಾರ್ಮೋನು ತಯಾರಿಸುವ ಒಂದು ವಂಶವಾಹಿ ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಹಾರ್ಮೋನನ್ನು ಸಿಂಪಡಿಸಿದಾಗ ಬಳ್ಳಿ ಹೂ ಬಿಟ್ಟಿತು. ಹೂವಿಲ್ಲದೆ, ಬೀಜವಿಲ್ಲದೆ, ಬರೀ ಮನುಷ್ಯರ ಕೈಯಿಂದ ಕೈಗೆ ದಾಟಿ ಇಷ್ಟು ದೂರ ಬಂದ ಗಿಡ ಎಂಬುದೇ ನನಗೆ ದೊಡ್ಡ ಬೆರಗು.

ಎಲೆಯ ವಿಷಯದಲ್ಲಿ ಮಾತ್ರ ನಾವು ಇದಕ್ಕೆ ನ್ಯಾಯ ಮಾಡಿಲ್ಲ. ಕಪಾಟಿನ ಮೇಲಿಂದ ಇಳಿಬಿಟ್ಟ ಬಳ್ಳಿಯಲ್ಲಿ ಬರುವುದು ಎಳೆತನದ ಪುಟ್ಟ ಎಲೆಗಳೇ. ಅದೇ ಬಳ್ಳಿ ತೋಟದ ಮರ ಹತ್ತಿತೆಂದರೆ ಮೊರದಗಲದ, ಅಂಚು ಸೀಳಿದ ಎಲೆ ಬಿಡುತ್ತದೆ. ಅದಕ್ಕೇ ಕುಂಡದ ನಡುವೆ ತೆಂಗಿನ ನಾರು ಸುತ್ತಿದ ಕೋಲು ನೆಡಿ. ನಾರು ತೇವವಾಗಿದ್ದರೆ ಗಿಣ್ಣಿನ ಬೇರುಗಳು ಅದನ್ನು ಹಿಡಿದುಕೊಳ್ಳುತ್ತವೆ, ಮೇಲೇರಿದಂತೆ ಎಲೆ ಹಿಗ್ಗುತ್ತದೆ. ಹೊನ್ನಿನ ಪಟ್ಟೆ ಉಳಿಯಬೇಕಾದರೆ ಬೆಳಕು ಬೇಕು, ಸುಡುಬಿಸಿಲು ಬೇಡ. ಕತ್ತಲ ಮೂಲೆಯಲ್ಲಿ ಗಿಡ ಸಾಯದಿದ್ದರೂ ಬರೀ ಹಸಿರಾಗುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಬಾಟಲಿಯಲ್ಲಿಟ್ಟಿದ್ದರೆ ವಾರಕ್ಕೊಮ್ಮೆ ನೀರು ಬದಲಿಸಿ.

ಇದು ಗಾಳಿ ಶುದ್ಧ ಮಾಡುತ್ತದೆಂದು ನಂಬಿ ಕೊಳ್ಳುವವರಿದ್ದಾರೆ. ಆ ನಂಬಿಕೆಗೆ ಮೂಲವಾದ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ಕಿಟಕಿ ಬಾಗಿಲಿರುವ ಮನೆಗೆ ಆ ಲೆಕ್ಕ ಹೊಂದದು. ಅಂದಕ್ಕಾಗಿ ಸಾಕಿದರೆ ಸಾಕು. ಎಲೆಯಲ್ಲಿ ಬಾಯಿ ತುರಿಸುವ ಆಕ್ಸಲೇಟ್ ಹರಳುಗಳಿವೆ, ಮಕ್ಕಳಿಗೂ ಬೆಕ್ಕಿಗೂ ಎಟುಕದಂತೆ ಇಡಿ. ಬುಡ ಬೋಳಾದ ಉದ್ದ ಬಳ್ಳಿಯನ್ನು ಎಸೆಯಬೇಡಿ: ಗಿಣ್ಣಿಗೊಂದರಂತೆ ತುಂಡರಿಸಿ ಅದೇ ಕುಂಡಕ್ಕೆ ಚುಚ್ಚಿದರೆ ಬುಡ ಮತ್ತೆ ತುಂಬಿಕೊಳ್ಳುತ್ತದೆ.